ಸ್ವಯಂಚಾಲಿತ ಪರೀಕ್ಷೆಗಳ ಫಲಿತಾಂಶ: ಅದರ ಸಂಗ್ರಹ ಮತ್ತು ರಕ್ಷಣೆ

ಕೆಲವು ವರ್ಷಗಳ ಹಿಂದೆ ದೂರದ ಊರೊಂದರ ಇಂಜಿನಿಯರಿಂಗ್ ಕಾಲೇಜಿಗೆ ಬಾಹ್ಯ ಪರೀಕ್ಷಕನಾಗಿ ಹೋಗಿದ್ದೆನು. ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ಅಡಿಕೆ ಖರೀದಿಯ ಲೆಕ್ಕವನ್ನಿಡುವ ತಂತ್ರಾಂಶವೊಂದನ್ನು ರಚಿಸಿದ್ದರು. ಬೆಳೆಗಾರನು ತಂದ ಚಾಲಿಯ ತೂಕ, ಅದರ ದರ್ಜೆ, ಆ ದಿನದ ಧಾರಣೆ, ಹಿಂದಿನ ಸಾಲದ ಕಡಿತ, ಇವೆಲ್ಲವನ್ನೂ ಕೂಡಿ ಕಳೆದು ಅವನ ಕೈಗೆ ಬರತಕ್ಕ ಹಣವೆಷ್ಟೆಂಬುದನ್ನು ಅದು ಹೇಳುತ್ತಿತ್ತು. ವರದಿಯ ಕೊನೆಯ ಅಧ್ಯಾಯದಲ್ಲಿ ಪರೀಕ್ಷೆಗಳ ಫಲಿತಾಂಶವನ್ನು ಒಂದೇ ಸಾಲಿನಲ್ಲಿ ಬರೆದಿದ್ದರು: 212ರಲ್ಲಿ 208 ಉತ್ತೀರ್ಣ. ಉಳಿದ ನಾಲ್ಕು ಯಾವುವೆಂದು ಕೇಳಿದೆನು. ಒಬ್ಬನು ಗಣಕವನ್ನು ತೆರೆದು ಹುಡುಕಿದನು. ಪರೀಕ್ಷೆ ನಡೆದ ಸರ್ವರಿನಲ್ಲಿ ಅವಧಿ ಮುಗಿದು ದಾಖಲೆಯು ಅಳಿಸಿಹೋಗಿತ್ತು. ತಂತ್ರಾಂಶದ ಯಾವ ಆವೃತ್ತಿಯ ಮೇಲೆ ಆ ಪರೀಕ್ಷೆ ನಡೆಯಿತೆಂಬುದೂ ಯಾರಿಗೂ ನೆನಪಿರಲಿಲ್ಲ. "ಅವು ಕೆಲವು ಸಲ ಸೋಲುತ್ತವೆ ಸರ್, ಮತ್ತೊಮ್ಮೆ ನಡೆಸಿದರೆ ಸರಿಹೋಗುತ್ತವೆ" ಎಂದು ಇನ್ನೊಬ್ಬನು ಸಮಾಧಾನ ಹೇಳಿದನು. ಹುಡುಗರು ಪ್ರಾಮಾಣಿಕರೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಆದರೆ 208 ಎಂಬ ಅಂಕೆಯನ್ನು ನಂಬುವುದಕ್ಕೆ ಅವರ ಮುಖವನ್ನು ಬಿಟ್ಟು ಬೇರೆ ಆಧಾರವಿರಲಿಲ್ಲ.

ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲ್ಲೂಕಿನ ಉಜಿರೆ, ಮೂಡುಬಿದಿರೆಯ ಸಮೀಪದ ಮಿಜಾರು, ಈ ಊರುಗಳಲ್ಲಿ ಈಗ ಇಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿವರ್ಷವೂ ಅಲ್ಲಿ ಹೊಸ ತಂತ್ರಾಂಶಗಳು ರಚಿತವಾಗುತ್ತವೆ. ಅವುಗಳ ಪರೀಕ್ಷೆಯನ್ನು ಹೇಗೆ ಬರೆಯಬೇಕೆಂಬುದನ್ನು ಪಠ್ಯಗಳು ವಿಸ್ತಾರವಾಗಿ ಬೋಧಿಸುತ್ತವೆ. ಪರೀಕ್ಷೆ ಮುಗಿದಮೇಲೆ ಫಲಿತಾಂಶವನ್ನು ಏನು ಮಾಡಬೇಕೆಂಬ ವಿಷಯಕ್ಕೆ ಹೆಚ್ಚಿನ ಪಠ್ಯಗಳಲ್ಲಿ ಒಂದು ಪುಟವೂ ಸಲ್ಲುವುದಿಲ್ಲ. ಪ್ರಸ್ತುತ ಲೇಖನವು ಆ ವಿಷಯವನ್ನು ಕುರಿತದ್ದು. ಗಣಕವಿಜ್ಞಾನದ ಪರಿಚಯವಿಲ್ಲದ ವಾಚಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಸ್ವಯಂಚಾಲಿತ ಪರೀಕ್ಷೆಯೆಂದರೆ ಒಂದು ತಂತ್ರಾಂಶವನ್ನು ಪರೀಕ್ಷಿಸುವುದಕ್ಕಾಗಿಯೇ ಬರೆದ ಇನ್ನೊಂದು ಸಣ್ಣ ತಂತ್ರಾಂಶ. ಇಂಥದನ್ನು ಕೊಟ್ಟರೆ ಇಂಥದು ಬರಬೇಕು ಎಂಬ ನಿರೀಕ್ಷೆಯನ್ನು ಮೊದಲೇ ಬರೆದಿಟ್ಟು, ಬಂದದ್ದನ್ನು ಅದರೊಡನೆ ಹೋಲಿಸಿ, ಸರಿ ಅಥವಾ ತಪ್ಪು ಎಂದು ಅದು ಹೇಳುತ್ತದೆ. ಕನ್ನಡದಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. 'ಸೂರ್ಯ' ಎಂಬಲ್ಲಿ ರಕಾರವು ಅರ್ಕಾವತ್ತಾಗಿ ಯಕಾರದ ಬಲಗಡೆಗೆ ಬರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವು ಪೂರ್ಣಾಕ್ಷರವಾಗಿ ನಿಂತು ಯಕಾರವು ಒತ್ತಾಗುತ್ತದೆ. ಎರಡರಲ್ಲಿಯೂ ಇರುವುದು ರಕಾರ, ಹಲಂತ ಚಿಹ್ನೆ, ಯಕಾರ, ಇಷ್ಟೇ. ಎರಡನೆಯ ರೂಪವನ್ನು ಬೇರ್ಪಡಿಸಿ ತೋರಿಸುವುದಕ್ಕಾಗಿ ಕಣ್ಣಿಗೆ ಕಾಣದ ಸಂಯೋಜಕ ಚಿಹ್ನೆಯೊಂದನ್ನು ನಡುವೆ ಸೇರಿಸುವರು. ಯೂನಿಕೋಡ್ ನಿಯಮದ ಪ್ರಕಾರ ಅದು ಹಲಂತಕ್ಕೆ ಮೊದಲು ಬರಬೇಕು. ಹಳೆಯ ರೂಢಿಯಲ್ಲಿ ಹಲಂತದ ಅನಂತರ ಬರುತ್ತಿತ್ತು. ಆ ರೂಢಿಯಲ್ಲಿ ಬೆರಳಚ್ಚಾದ ಕನ್ನಡ ಪುಟಗಳನ್ನು ಇಂದು ಯಾರೂ ಹೊಸದಾಗಿ ಬರೆಯಲಾರರು. ಆದುದರಿಂದ ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್ ಮೊದಲಾದವುಗಳಲ್ಲಿ ಅಕ್ಷರಜೋಡಣೆಯನ್ನು ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶವು ಹಳೆಯ ಕ್ರಮವನ್ನೂ ಹೊಸ ಕ್ರಮದಂತೆಯೇ ಎಣಿಸಿ ತೋರಿಸುತ್ತದೆ. ಮುಂದೆ ಯಾರಾದರೂ ಅದನ್ನು ತಿದ್ದುವಾಗ ತಿಳಿಯದೆ ಈ ಸೌಲಭ್ಯವನ್ನು ಕೆಡಿಸಬಾರದಲ್ಲವೆ? ಅದಕ್ಕಾಗಿ ಆ ತಂತ್ರಾಂಶದ ಮೂಲದೊಡನೆ ಪರೀಕ್ಷೆಗಳನ್ನೂ ಅವುಗಳಿಂದ ಬರತಕ್ಕ ಫಲವನ್ನೂ ಒಟ್ಟಿಗೆ ಇಟ್ಟಿದ್ದಾರೆ. ತಿದ್ದುಪಡಿಯಾದಾಗಲೆಲ್ಲ ಅವೆಲ್ಲವೂ ತಾವಾಗಿ ನಡೆಯುತ್ತವೆ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಬರಬೇಕಾದ ಫಲವನ್ನು ಕಾಪಾಡುವುದು ಬೇರೆ, ಬಂದ ಫಲವನ್ನು ಕಾಪಾಡುವುದು ಬೇರೆ. ಮೊದಲನೆಯದು ತಂತ್ರಾಂಶದ ಅಂಗವೇ ಆದುದರಿಂದ ಅದರೊಡನೆ ಉಳಿಯುತ್ತದೆ. ಎರಡನೆಯದು ಒಂದು ಘಟನೆಯ ದಾಖಲೆ. ಇಂಥ ದಿನ, ಇಂಥ ಯಂತ್ರದಲ್ಲಿ, ಇಂಥ ಆವೃತ್ತಿಯು ಹೀಗೆ ನಡೆದುಕೊಂಡಿತು ಎಂಬ ಸಾಕ್ಷಿ ಅದು. ಘಟನೆಯನ್ನು ಮತ್ತೆ ನಡೆಸಬಹುದಲ್ಲ, ಸಾಕ್ಷಿಯೇಕೆ, ಎಂದು ಕೇಳುವವರಿದ್ದಾರೆ. ಪೈಥಾನ್ ಭಾಷೆಯ ಎರಡನೆಯ ಪೀಳಿಗೆಗೆ 2020ರ ಜನವರಿ 1ರಿಂದ ಪೋಷಣೆ ನಿಂತುಹೋಯಿತು. ಅದರಲ್ಲಿ ಬರೆದ ಹಳೆಯ ಪ್ರಾಜೆಕ್ಟುಗಳನ್ನು ಇಂದಿನ ಯಂತ್ರದಲ್ಲಿ ನಡೆಸಲು ಯತ್ನಿಸಿದವರಿಗೆ ಈ ಪ್ರಶ್ನೆಯ ಉತ್ತರ ಗೊತ್ತು. ತಂತ್ರಾಂಶವಿರುತ್ತದೆ, ಅದು ಓಡುವ ನೆಲವಿರುವುದಿಲ್ಲ.

ಮೂಲಸಾಕ್ಷಿಯು ಉಳಿದಿದ್ದರೆ ಆಗುವ ಪ್ರಯೋಜನವೇನೆಂಬುದನ್ನು ತೋರಿಸಲು ಗಣಕದಿಂದ ಸ್ವಲ್ಪ ದೂರ ಸರಿದು ಮೂಡುಬಿದಿರೆಯ ಸಿದ್ಧಾಂತ ಬಸದಿಯ ಕಡೆಗೆ ಹೋಗಬೇಕಾಗಿದೆ. ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಾಚೀನ ತಾಳೆಗರಿಗಳು ಉಳಿದುಬಂದದ್ದು ಅಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಒಂದು ಪ್ರತಿಯು ಉತ್ತರದ ಸಹಾರನಪುರವನ್ನು ಸೇರಿತು. ಅದರಿಂದ ಬೇರೆ ಪ್ರತಿಗಳು ಹುಟ್ಟಿದುವು. ಪ್ರೊಫೆಸರ್ ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಮೊದಲನೆಯ ಸಂಪುಟವನ್ನು ಮುದ್ರಿಸಿದಾಗ ಅವರ ಕೈಯಲ್ಲಿದ್ದುದು ಇಂಥ ಪ್ರತಿಯ ಪ್ರತಿಗಳು.

ಆ ಸಂಪುಟದ 93ನೆಯ ಸೂತ್ರದಲ್ಲಿ ಒಂದು ತೊಡಕು ಎದುರಾಯಿತು. ಅರ್ಥವನ್ನು ಕೂಡಿಸಿ ನೋಡಿದರೆ 'ಸಂಜದ', ಎಂದರೆ ಸಂಯತ, ಎಂಬ ಪದವೊಂದು ಅಲ್ಲಿ ಇರಬೇಕು. ಆದರೆ ಪ್ರತಿಗಳಲ್ಲಿ ಅದು ಇರಲಿಲ್ಲ. ಒಂದು ಪದ ತಾನೆ ಎಂದು ಬಿಡುವಂತಿರಲಿಲ್ಲ. ಸೂತ್ರವು ಸ್ತ್ರೀಯರ ಆಧ್ಯಾತ್ಮಿಕ ಸ್ಥಾನವನ್ನು ಕುರಿತದ್ದು. ಪದವಿದ್ದರೆ ಒಂದು ಸಿದ್ಧಾಂತ, ಇಲ್ಲದಿದ್ದರೆ ಇನ್ನೊಂದು, ಎಂದು ವಾದಿಸುವುದಕ್ಕೆ ಎಡೆಯಿತ್ತು. ವಿದ್ವಾಂಸರಲ್ಲಿ ದೊಡ್ಡ ವಿವಾದವೇ ನಡೆಯಿತು. ಕೊನೆಗೆ ಮೂಡುಬಿದಿರೆಯ ತಾಳೆಗರಿಗಳೊಡನೆ ಹೋಲಿಸಿದಾಗ ಆ ಪದವು ಮೂಲದಲ್ಲಿ ಇದ್ದುದು ಗೊತ್ತಾಯಿತು. ಅದಕ್ಕೆ ಹಿಂದಿನ ಪದವು 'ಸಂಜದಾಸಂಜದ' ಎಂದಿರುವುದನ್ನು ನೋಡಿದರೆ, ಒಂದೇ ತೆರನಾದ ಅಕ್ಷರಗಳ ಸಾಲಿನಲ್ಲಿ ಪ್ರತಿಕಾರನ ಕಣ್ಣು ಜಾರಿರಬೇಕೆಂದು ಊಹಿಸಬಹುದು. ಕನ್ನಡದಲ್ಲಿ ಹೋಲಿಸಿ ನೋಡುವುದಕ್ಕೆ 'ತಾಳೆ ನೋಡುವುದು' ಎನ್ನುತ್ತೇವೆ. ಈ ತಾಳೆಗೂ ಗರಿಯ ತಾಳೆಗೂ ನಂಟಿದೆಯೋ ಇಲ್ಲವೋ ಭಾಷಾಶಾಸ್ತ್ರಜ್ಞರು ಹೇಳಬೇಕು; 93ನೆಯ ಸೂತ್ರದ ಮಟ್ಟಿಗಂತೂ ಎರಡೂ ಒಂದೇ ಆದುವು.

ವಿದ್ಯಾರ್ಥಿಯ ವರದಿಯಲ್ಲಿರುವ '212ರಲ್ಲಿ 208' ಎಂಬ ಸಾಲು ಪ್ರತಿಯ ಪ್ರತಿ. ಯಂತ್ರವು ಹೊರಡಿಸಿದ ದಾಖಲೆಯನ್ನು ಒಬ್ಬನು ಓದಿದನು, ಒಟ್ಟು ಸಂಖ್ಯೆಯನ್ನು ಇನ್ನೊಬ್ಬನಿಗೆ ಹೇಳಿದನು, ಅವನು ಬೆರಳಚ್ಚು ಮಾಡಿದನು. ನಡುವೆ ಎಲ್ಲಿ ಕಣ್ಣು ಜಾರಿದರೂ ತಿದ್ದುವುದಕ್ಕೆ ಗರಿಯೇ ಇಲ್ಲ.

ಹಾಗಾದರೆ ಗರಿಯಲ್ಲಿ ಏನೇನು ಇರಬೇಕು? ಪ್ರತಿಯೊಂದು ಪರೀಕ್ಷೆಯ ಹೆಸರು ಮತ್ತು ಅದರ ಗತಿ, ಸೋತಿದ್ದರೆ ನಿರೀಕ್ಷಿಸಿದ್ದು ಯಾವುದು, ಬಂದದ್ದು ಯಾವುದು, ತೆಗೆದುಕೊಂಡ ಕಾಲ. ಇಷ್ಟನ್ನು ಹೆಚ್ಚಿನ ಪರೀಕ್ಷಾಸಾಧನಗಳು ತಾವಾಗಿ ಬರೆಯುತ್ತವೆ. ಅವು ಬರೆಯದೆ ಬಿಡುವುದು ಸನ್ನಿವೇಶವನ್ನು. ತಂತ್ರಾಂಶದ ಯಾವ ಆವೃತ್ತಿ ಎಂಬುದು ಮೊದಲನೆಯದು. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ನಿರ್ಮಿಸಿದ ಗಿಟ್ ಎಂಬ ಸಾಧನವು ಪ್ರತಿಯೊಂದು ಬದಲಾವಣೆಗೂ ನಾಲ್ವತ್ತು ಅಕ್ಷರಗಳ ಗುರುತನ್ನು ಕೊಡುತ್ತದೆ. ಅದನ್ನು ಪೂರ್ತಿಯಾಗಿ ಬರೆಯುವುದೇ ಲೇಸು. 'ಇತ್ತೀಚಿನ ಆವೃತ್ತಿ' ಎಂದು ಬರೆಯುವುದು 'ಮೊನ್ನೆ' ಎಂದು ದಿನಾಂಕ ಹಾಕಿದಂತೆ. ಗಣಕದ ಕಾರ್ಯವ್ಯವಸ್ಥೆ, ಭಾಷೆಯ ಆವೃತ್ತಿ, ಹೊರಗಿನಿಂದ ತಂದ ತಂತ್ರಾಂಶಗಳ ಪಟ್ಟಿ, ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದ್ದರೆ ಅವುಗಳ ಬೀಜಸಂಖ್ಯೆ, ಇವೂ ಬೇಕು. ಕಾಲವನ್ನು ಬರೆಯುವಾಗ ಅದು ಎಲ್ಲಿಯ ಕಾಲವೆಂಬುದನ್ನು ತಪ್ಪದೆ ಬರೆಯತಕ್ಕದ್ದು. ಈ ಕೊನೆಯ ಮಾತನ್ನು ಹೇಳುವುದಕ್ಕೆ ಕಾರಣವಿದೆ.

ಬಂಟ್ವಾಳದಲ್ಲಿ ನೇತ್ರಾವತಿಯ ನೀರಿನ ಮಟ್ಟವನ್ನು ಅಳೆಯುವ ಕೇಂದ್ರ ಜಲ ಆಯೋಗದ ಠಾಣೆಯಿದೆ. ಒಂದು ದಿನದ ಒಂದು ಅಳತೆಯನ್ನು ಪ್ರತ್ಯೇಕವಾಗಿ ತೆಗೆದುಕೊಂಡರೆ ಅದರಿಂದ ತಿಳಿಯುವುದು ಸ್ವಲ್ಪ. 1923ರ ಮತ್ತು 1974ರ ನೆರೆಗಳನ್ನು ಪೇಟೆಯ ಹಿರಿಯರು ಗೋಡೆಯ ಗುರುತುಗಳಿಂದ ಹೇಳುತ್ತ ಬಂದರು. ಈ ವರ್ಷದ ನೀರು ಹೆಚ್ಚೋ ಕಡಮೆಯೋ ಎಂಬುದು ಹಿಂದಿನ ಗುರುತುಗಳಿಂದ ಮಾತ್ರ ತೀರ್ಮಾನವಾಗತಕ್ಕದ್ದು. ಪರೀಕ್ಷೆಯ ಫಲಿತಾಂಶವೂ ಹಾಗೆಯೇ, ಸಾಲಾಗಿ ಜೋಡಿಸಿದಾಗ ಮಾತನಾಡುವ ವಸ್ತು.

ಕೆಲವು ಪರೀಕ್ಷೆಗಳು ತಂತ್ರಾಂಶದಲ್ಲಿ ಏನನ್ನೂ ಬದಲಿಸದೆ ಇರುವಾಗಲೂ ಒಮ್ಮೆ ಗೆದ್ದು ಒಮ್ಮೆ ಸೋಲುತ್ತವೆ. ಇವನ್ನು ಚಂಚಲ ಪರೀಕ್ಷೆಗಳೆಂದು ಕರೆಯಬಹುದು. ಗೂಗಲ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿಯ ಪರೀಕ್ಷೆಗಳಲ್ಲಿ ಸುಮಾರು ನೂರಕ್ಕೆ 16ರಷ್ಟು ಸ್ವಲ್ಪಮಟ್ಟಿಗಾದರೂ ಚಂಚಲವಾದುವು. ಗೆಲ್ಲುತ್ತಿದ್ದ ಪರೀಕ್ಷೆಯು ಸೋಲತೊಡಗಿದ ಪ್ರಸಂಗಗಳಲ್ಲಿ ನೂರಕ್ಕೆ 84ರಲ್ಲಿ ಚಂಚಲ ಪರೀಕ್ಷೆಯ ಪಾತ್ರವಿತ್ತು. ಅಷ್ಟು ದೊಡ್ಡ ಸಂಸ್ಥೆಯು ಇದನ್ನು ಹೇಳಲು ಸಾಧ್ಯವಾದದ್ದು ಹಳೆಯ ಫಲಿತಾಂಶಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಚಾಂಚಲ್ಯವು ಒಂದು ಸಲದ ಫಲಿತಾಂಶದಲ್ಲಿ ಕಾಣುವ ಗುಣವಲ್ಲ.

ಅಡಿಕೆಯ ಲೆಕ್ಕಕ್ಕೆ ಹಿಂದಿರುಗಿ ನೋಡೋಣ. ಅಂದಿನ ಧಾರಣೆಯನ್ನು ಹುಡುಕುವ ಪರೀಕ್ಷೆಯೊಂದಿದೆಯೆಂದು ಇಟ್ಟುಕೊಳ್ಳಿರಿ. ಸರ್ವರ್ ಇರುವುದು ಯಾವುದೋ ದೇಶದಲ್ಲಿ. ಅದರ ಗಡಿಯಾರ ಗ್ರೀನ್‌ವಿಚ್ ಕಾಲವನ್ನು ಅನುಸರಿಸುವಂಥದು. ನಮ್ಮ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದಕಾರಣ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆ 30 ನಿಮಿಷದವರೆಗೆ ಸರ್ವರಿಗೆ ಇನ್ನೂ ನಿನ್ನೆಯ ದಿನ. ಆ ಅವಧಿಯಲ್ಲಿ ನಡೆಸಿದರೆ ಪರೀಕ್ಷೆ ನಿನ್ನೆಯ ಧಾರಣೆಯನ್ನು ತಂದು ಸೋಲುತ್ತದೆ. ಹಗಲಿನಲ್ಲಿ ನಡೆಸಿದರೆ ಗೆಲ್ಲುತ್ತದೆ. ವರದಿ ಒಪ್ಪಿಸುವ ವಾರದಲ್ಲಿ ವಿದ್ಯಾರ್ಥಿಗಳು ಕೆಲಸಮಾಡುವುದು ಯಾವ ಹೊತ್ತಿನಲ್ಲಿ ಎಂಬುದು ಹಾಸ್ಟೆಲ್ ವಾರ್ಡನ್ನರಿಗೆ ಚೆನ್ನಾಗಿ ಗೊತ್ತಿದೆ. ಒಂದು ತಿಂಗಳ ಫಲಿತಾಂಶಗಳನ್ನು ಗಂಟೆಯ ಕ್ರಮದಲ್ಲಿ ಜೋಡಿಸಿದರೆ ಸೋಲುಗಳೆಲ್ಲ ಒಂದೇ ಕಡೆ ಗುಂಪಾಗಿ ನಿಂತು ತಮ್ಮ ಕಾರಣವನ್ನು ತಾವೇ ಹೇಳುತ್ತವೆ. ಆ ನಾಲ್ಕು ಪರೀಕ್ಷೆಗಳ ರೋಗವು ಇದೇ ಎಂದು ನಾನು ಹೇಳಲಾರೆ. ಇದಾಗಿದ್ದರೆ, ಮುಂಜಾನೆ ಐದಕ್ಕೆ ತೂಕಕ್ಕೆ ನಿಂತ ಬೆಳೆಗಾರನಿಗೆ ಹಿಂದಿನ ದಿನದ ಬೆಲೆ ಸಿಗುತ್ತಿತ್ತು.

ಬೆಳೆಗಾರನಿಗೆ ಆಗಬಹುದಾದ ನಷ್ಟ ಕೆಲವು ರೂಪಾಯಿಗಳದ್ದು. ಬ್ರಿಟನ್ನಿನಲ್ಲಿ ಆದದ್ದು ಬೇರೆ. ಅಲ್ಲಿಯ ಅಂಚೆ ಸಂಸ್ಥೆಯು ಹೊರೈಜನ್ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು 1999ರಿಂದ ಉಪ ಅಂಚೆಕಚೇರಿಗಳಲ್ಲಿ ಅಳವಡಿಸಿತು. ಅದು ಇಲ್ಲದ ಕೊರತೆಗಳನ್ನು ತೋರಿಸಿತು. 2015ರವರೆಗೆ 900ಕ್ಕಿಂತ ಹೆಚ್ಚು ಮಂದಿ ಕಳ್ಳತನ, ಸುಳ್ಳುಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಕೆಲವರು ಸೆರೆಮನೆಗೆ ಹೋದರು. ತಂತ್ರಾಂಶದಲ್ಲಿ ದೋಷಗಳಿರುವುದು ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರರಿಗೆ ಗೊತ್ತಿತ್ತು. 'ತಿಳಿದಿರುವ ದೋಷಗಳ ದಾಖಲೆ' ಎಂಬ ಹೆಸರಿನಲ್ಲಿ ಅವರು ಟಿಪ್ಪಣಿಗಳನ್ನು ಇಟ್ಟಿದ್ದರು. ಆ ಟಿಪ್ಪಣಿಗಳು ಉಪ ಅಂಚೆಪಾಲಕರ ಪಕ್ಷಕ್ಕೆ ದೊರೆತದ್ದು ಬಹಳ ತಡವಾಗಿ, ಅವರು ಹೂಡಿದ ದಾವೆಯ ಕಾಲದಲ್ಲಿ. 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ಕೊಡುವಾಗ ಆ ದಾಖಲೆಗೆ ಬಹಳ ಬೆಲೆಯಿತ್ತು. 2024ರಲ್ಲಿ ಸಂಸತ್ತು ಶಾಸನವನ್ನೇ ಮಾಡಿ ಶಿಕ್ಷೆಗಳನ್ನು ರದ್ದುಗೊಳಿಸಿತು. ದಾಖಲೆಯನ್ನು ಇಡುವುದರ ಜೊತೆಗೆ, ಬೇಕಾದವನಿಗೆ ಅದು ದೊರೆಯುವಂತೆ ಇಡುವುದೂ ಸಂಗ್ರಹಕಾರ್ಯದ ಭಾಗವೆಂಬುದನ್ನು ಈ ಪ್ರಸಂಗದಿಂದ ತಿಳಿಯಬಹುದು.

ಇನ್ನು ವ್ಯವಹಾರದ ಮಾತು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವ ಗಿಟ್‌ಹಬ್ ಸೇವೆಯು ಪರೀಕ್ಷೆಯ ಲಾಗ್‌ಗಳನ್ನು, ಬೇರೆ ಏರ್ಪಾಡು ಮಾಡದಿದ್ದರೆ, 90 ದಿನಗಳಾದಮೇಲೆ ಅಳಿಸುತ್ತದೆ. ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯ ದಾಖಲೆ ಮೇ ತಿಂಗಳ ಮೌಖಿಕದ ವೇಳೆಗೆ ಇರುವುದಿಲ್ಲ. ಕಾಲೇಜಿನದೇ ಸರ್ವರಿನಲ್ಲಿ ಜೆಂಕಿನ್ಸ್‌ನಂಥ ಸಾಧನವನ್ನು ನಡೆಸಿದರೆ ಎಷ್ಟು ದಿನ ಇಡಬೇಕೆಂಬುದನ್ನು ನಾವೇ ನಿರ್ಧರಿಸಬಹುದು; ಆದರೆ ಡಿಸ್ಕ್ ತುಂಬಿದ ದಿನ ಯಾರೋ ಒಬ್ಬರು ಅವಸರದಲ್ಲಿ ಎಲ್ಲವನ್ನೂ ಅಳಿಸುವ ಭಯವಿದ್ದೇ ಇದೆ.

ಡಿಸ್ಕ್ ತುಂಬುವುದಕ್ಕೆ ಫಲಿತಾಂಶಗಳು ಕಾರಣವೆ? ಲೆಕ್ಕಹಾಕಿ ನೋಡಬಹುದು. ಒಂದು ಪರೀಕ್ಷೆಯ ಫಲಕ್ಕೆ 200 ಬೈಟ್ ಎಂದಿಟ್ಟುಕೊಂಡರೆ 2000 ಪರೀಕ್ಷೆಗಳಿಗೆ 400 ಕಿಲೋಬೈಟ್. ದಿನಕ್ಕೆ ಹತ್ತು ಸಲದಂತೆ ವರ್ಷದಲ್ಲಿ 200 ದಿನ ನಡೆಸಿದರೆ 800 ಮೆಗಾಬೈಟ್. ಸಾಲುಗಳು ಒಂದೇ ರೀತಿಯವಾದುದರಿಂದ ಸಂಕೋಚಿಸಿದರೆ ಇದು ಇನ್ನೂ ಬಹಳ ಕುಗ್ಗುತ್ತದೆ. ಜಾಗವನ್ನು ನುಂಗುವುವು ಪರದೆಯ ಚಿತ್ರಗಳು, ಚಲಚ್ಚಿತ್ರಗಳು, ಗೆದ್ದ ಪರೀಕ್ಷೆಗಳ ವಿವರವಾದ ಲಾಗ್‌ಗಳು. ನನ್ನ ಅಭಿಪ್ರಾಯದಲ್ಲಿ ಗೆದ್ದವುಗಳ ವಿವರವನ್ನು ಸೆಮಿಸ್ಟರ್ ಮುಗಿದಮೇಲೆ ಬಿಡಬಹುದು, ಸೋತವುಗಳ ವಿವರವನ್ನು ಬಿಡಕೂಡದು. ಹೊರಗಿನವರ ಕೈಗೆ ಕೊಟ್ಟ ಆವೃತ್ತಿಯದಾದರೆ ಗೆದ್ದದ್ದೂ ಸೋತದ್ದೂ ಪೂರ್ತಿಯಾಗಿ ಉಳಿಯಬೇಕು. ನಮ್ಮ ವಿಭಾಗಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿಪರೀತವಾದ ರೂಢಿಯಿದೆ: ಸೋತದ್ದನ್ನು ನಾಚಿಕೆಯಿಂದ ಅಳಿಸಿ, ಹಸಿರು ಬಣ್ಣದ ಗೆಲುವಿನ ಚಿತ್ರವನ್ನು ವರದಿಗೆ ಅಂಟಿಸುವರು. ಇದಕ್ಕೆ ವಿದ್ಯಾರ್ಥಿಗಳಿಗಿಂತ ಅಂಕ ಕೊಡುವ ನಾವು ಹೆಚ್ಚು ಹೊಣೆಗಾರರು.

ಯಾವ ರೂಪದಲ್ಲಿ ಇಡಬೇಕೆಂಬ ಪ್ರಶ್ನೆಗೆ ಉತ್ತರ ಸರಳ. ಕಣ್ಣಿನಿಂದ ಓದಬಹುದಾದ ಬರೆಹದ ರೂಪವೇ ದೀರ್ಘಾಯುಷಿ. ಪರ್ಲ್ ಭಾಷೆಯೊಡನೆ 1987ರಲ್ಲಿ ಹುಟ್ಟಿದ ಟ್ಯಾಪ್ ಎಂಬ ಕ್ರಮದಲ್ಲಿ ಒಂದು ಪರೀಕ್ಷೆಗೆ ಒಂದು ಸಾಲು; ಅಂದಿನ ಕಡತವನ್ನು ಇಂದೂ ಯಾರು ಬೇಕಾದರೂ ಓದಬಹುದು. ಜೆಯೂನಿಟ್‌ನಿಂದ ರೂಢಿಗೆ ಬಂದ ಎಕ್ಸ್‌ಎಂಎಲ್ ರೂಪವನ್ನು ಬಹುತೇಕ ಎಲ್ಲ ಸಾಧನಗಳೂ ಒಪ್ಪುತ್ತವೆ. ಹಲವು ವರ್ಷಗಳ ಫಲಗಳನ್ನು ಒಟ್ಟಿಗೆ ಪ್ರಶ್ನಿಸಬೇಕಾದರೆ ಎಸ್‌ಕ್ಯೂಲೈಟ್ ಕಡತವು ತಕ್ಕದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಸಂಗ್ರಹಕ್ಕೆ ಶಿಫಾರಸು ಮಾಡಿರುವ ರೂಪಗಳಲ್ಲಿ ಅದೂ ಒಂದು. ಕಡತವನ್ನು ಮುಚ್ಚುವಾಗ ಅದರ ಎಸ್‌ಎಚ್‌ಎ-256 ಮುದ್ರೆಯನ್ನು ಲೆಕ್ಕಹಾಕಿ ಬೇರೆ ಕಡೆ ಬರೆದಿಟ್ಟರೆ, ಮುಂದೆ ಒಂದಕ್ಷರ ಬದಲಾದರೂ ತಿಳಿಯುತ್ತದೆ. ನಿಜವಾದ ವ್ಯಕ್ತಿಗಳ ಹೆಸರು, ಫೋನ್ ಸಂಖ್ಯೆ, ಬ್ಯಾಂಕ್ ಖಾತೆಗಳನ್ನು ಪರೀಕ್ಷೆಯ ನಿವೇಶವಾಗಿ ಬಳಸಿದ್ದರೆ ಮಾತ್ರ ಇಡುವುದೇ ತಪ್ಪಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಧ್ಯಾಪಕರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಕಲ್ಪಿತ ಹೆಸರುಗಳಿಗೇನು ಬರವೆ?

ಎಲ್ಲಿ ಇಡಬೇಕೆಂಬುದರಲ್ಲಿ ನಮ್ಮ ಸೀಮೆಯ ಹವೆಯನ್ನು ಮರೆಯುವಂತಿಲ್ಲ. ಬೆಳ್ತಂಗಡಿಯಂಥ ಘಟ್ಟದ ಬುಡದ ತಾಲ್ಲೂಕಿನಲ್ಲಿ ಏಪ್ರಿಲ್ ಮೇ ತಿಂಗಳ ಸಿಡಿಲು, ಅದರ ಅನಂತರ ನಾಲ್ಕು ತಿಂಗಳ ತೇವ, ಇವೆರಡೂ ಯಂತ್ರಗಳಿಗೆ ಶತ್ರುಗಳು. ತಾಳೆಗರಿಗೂ ತೇವವೇ ಶತ್ರುವಾಗಿತ್ತು. ಹಿಂದಿನವರು ಎಣ್ಣೆ ಸವರಿ ಹಲಗೆಗಳ ನಡುವೆ ಕಟ್ಟಿಡುವುದರ ಜೊತೆಗೆ, ಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿಮಾಡುತ್ತಿದ್ದರು. ಡಿಸ್ಕಿಗೂ ಅದೇ ಕ್ರಮ ಬೇಕು, ಆದರೆ ಅದರ ಆಯುಷ್ಯವನ್ನು ಎಣಿಸುವುದು ಶತಮಾನಗಳಲ್ಲಿ ಅಲ್ಲ, ಕೆಲವೇ ವರ್ಷಗಳಲ್ಲಿ. ಒಂದೇ ಪ್ರಯೋಗಶಾಲೆಯ ಒಂದೇ ವಿದ್ಯುತ್ ತಂತಿಗೆ ಜೋಡಿಸಿದ ಎರಡು ಡಿಸ್ಕುಗಳನ್ನು ಎರಡು ಪ್ರತಿಗಳೆಂದು ಎಣಿಸಕೂಡದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯದವರು ಲಾಕ್ಸ್ ಎಂಬ ಯೋಜನೆಯಲ್ಲಿ ವಿದ್ವತ್ಪತ್ರಿಕೆಗಳ ಪ್ರತಿಗಳನ್ನು ಅನೇಕ ಗ್ರಂಥಾಲಯಗಳಲ್ಲಿ ಹಂಚಿಟ್ಟು, ಅವು ಪರಸ್ಪರ ತಾಳೆ ನೋಡಿಕೊಂಡು ಕೆಟ್ಟ ಪ್ರತಿಯನ್ನು ತಿದ್ದಿಕೊಳ್ಳುವಂತೆ ಏರ್ಪಡಿಸಿದ್ದಾರೆ. ಮಿಜಾರು, ಉಜಿರೆ, ಬೆಂಜನಪದವುಗಳ ವಿಭಾಗಗಳು ವರ್ಷಕ್ಕೊಮ್ಮೆ ತಂತಮ್ಮ ಕಡತಗಳ ಒಂದೊಂದು ಪ್ರತಿಯನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡರೆ ಅದೇ ತತ್ತ್ವ ಇಲ್ಲಿಯೂ ನೆರವೇರುತ್ತದೆ. ಬೇಕಾಗುವುದು ಒಂದು ಪೆನ್‌ಡ್ರೈವ್ ಮತ್ತು ಬಸ್ಸಿನ ಚಾರ್ಜು.

ಈ ಕೆಲಸವನ್ನು ಜೂನಿನಲ್ಲಿ ಫಲಿತಾಂಶ ಪ್ರಕಟವಾದಮೇಲೆ ಮಾಡೋಣವೆಂದರೆ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಸಂಕೇತಪದಗಳೂ ಅವರೊಡನೆ ಹೋಗಿರುತ್ತವೆ. ಆದುದರಿಂದ ಮೌಖಿಕ ಪರೀಕ್ಷೆಯ ದಿನವೇ, ವರದಿಯ ಜೊತೆಯಲ್ಲಿ, ಮೂಲ ಫಲಿತಾಂಶದ ಕಡತವನ್ನು ತೆಗೆದುಕೊಳ್ಳತಕ್ಕದ್ದು. ಕಡತದ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಆರಂಭವಾದರೆ ಪಟ್ಟಿಯು ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಅದರ ಮೊದಲನೆಯ ಸಾಲಿನಲ್ಲಿ ಆವೃತ್ತಿಯ ಗುರುತು, ಎರಡನೆಯದರಲ್ಲಿ ಗಡಿಯಾರವು ಯಾವ ದೇಶದ ಕಾಲವನ್ನು ತೋರಿಸುತ್ತದೆಂಬುದು, ಮೂರನೆಯದರಲ್ಲಿ ಸೋತ ಪರೀಕ್ಷೆಗಳ ಹೆಸರುಗಳು. ನಾನು ಪರೀಕ್ಷಕನಾಗಿ ಹೋದಲ್ಲೆಲ್ಲ ಈಗ ಮೊದಲು ಕೇಳುವುದು ಆ ಮೂರನೆಯ ಸಾಲನ್ನು.